ಮನೆಯೊಳಗೆ ಫ್ಲಾಶ್ ಹಾಕಿದರೆ ಮುಖ ಬೆಳ್ಳಗೆ ಬರುವುದೇಕೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿ ಇರುವವರು. ನಮ್ಮಣ್ಣನ ಮಗ ಹೊಸ ಕ್ಯಾಮೆರಾ ತಗೊಂಡಾಗ ತನ್ನ ಹಳೆಯ ಕ್ಯಾನನ್ 1500ಡಿ ನನಗೆ ಕೊಟ್ಟ. ಜೊತೆಗೆ 18-55 ಲೆನ್ಸ್ ಇದೆ. ಹಗಲು ಹೊತ್ತು ಹೊರಗೆ ಫೋಟೋ ಚೆನ್ನಾಗಿ ಬರುತ್ತದೆ. ಹೋದ ವಾರ ಮನೆಯಲ್ಲೇ ಸೊಸೆಯ ಸೀಮಂತ ಮಾಡಿದೆವು. ಕ್ಯಾಮೆರಾದಲ್ಲೇ ಇರುವ ಫ್ಲಾಶ್ ಹಾಕಿ ತೆಗೆದೆ. ಮುಖ, ಹೂವು, ಸೀರೆ ಎಲ್ಲ ಬೆಳ್ಳಗೆ ಬಂದಿವೆ, ಹಿಂದೆ ಮಾತ್ರ ಕತ್ತಲು. ಎಕ್ಸ್‌ಪೋಶರ್ ಮೈನಸ್ ಮಾಡಿ ನೋಡಿದೆ, ಏನೂ ವ್ಯತ್ಯಾಸ ಆಗಲಿಲ್ಲ. ಫ್ಲಾಶ್ ಕೆಟ್ಟಿದೆಯೇ? ರಿಪೇರಿಗೆ ಕೊಡಲೇ? ನಾಲ್ಕು ಫೋಟೋ ಕಳಿಸಿದ್ದೇನೆ. ಮುಂದಿನ ತಿಂಗಳು ಮಾಟುಂಗದಲ್ಲಿ ಯಕ್ಷಗಾನ ಇದೆ. ಅಲ್ಲೂ ಹೀಗೆ ಆಗಬಾರದು.

ಉತ್ತರ: ರಿಪೇರಿಗೆ ಕೊಡಬೇಡಿ. ಕ್ಯಾಮೆರಾ ಕೆಟ್ಟಿಲ್ಲ. ಕ್ಯಾಮೆರಾದೊಳಗಿನ ಪುಟ್ಟ ಫ್ಲಾಶ್‌ನಿಂದ ಫೋಟೋ ಸುಟ್ಟುಹೋಯಿತು ಎಂದು ನನ್ನ ಬಳಿ ಬರುವ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಎರಡೇ. ಎದುರಿಗಿರುವವರು ತೀರಾ ಹತ್ತಿರ ಇರುತ್ತಾರೆ, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಳತೆ) ತೀರಾ ಮೇಲೆ ಇರುತ್ತದೆ. ನಿಮ್ಮ ಮೊದಲ ಫೋಟೋದಲ್ಲಿ ಎರಡೂ ಒಟ್ಟಿಗೆ ಸೇರಿಕೊಂಡಿವೆ.

ಆ ಫೋಟೋವನ್ನೇ ಮೊದಲು ನೋಡೋಣ. ನಿಮ್ಮ ಸೊಸೆ ಹಸಿರು ರೇಷ್ಮೆ ಸೀರೆ ಉಟ್ಟು ಮಣೆ ಮೇಲೆ ಕೂತಿದ್ದಾರೆ, ಒಬ್ಬರು ಆರತಿ ಎತ್ತುತ್ತಿದ್ದಾರೆ. ಮುಡಿದ ಮಲ್ಲಿಗೆಯಲ್ಲಿ ಒಂದು ಎಸಳೂ ಬೇರೆಯಾಗಿ ಕಾಣುವುದಿಲ್ಲ, ಎಲ್ಲ ಸೇರಿ ಒಂದು ಬಿಳಿ ಮುದ್ದೆ. ಮೂಗುಬೊಟ್ಟು ಕೆನ್ನೆಯ ಬಿಳುಪಿನಲ್ಲಿ ಕರಗಿಹೋಗಿದೆ. ಸೀರೆಯ ಜರಿ ಅಂಚು ಭುಜದ ಮೇಲೆ ಪೂರ್ತಿ ಮಾಯ, ಮೊಣಕಾಲಿನ ಹತ್ತಿರ ಮಾತ್ರ ಸ್ವಲ್ಪ ಉಳಿದಿದೆ. ಈ ಭುಜ, ಮೊಣಕಾಲಿನ ವ್ಯತ್ಯಾಸ ನನಗೆ ಬಹಳ ಮುಖ್ಯ ಅನಿಸಿತು. ಕೆಳಗಿನ ಭಾಗಕ್ಕೆ ಲೆನ್ಸಿನ ಕೊಳವೆ ಅಡ್ಡ ಬಂದು ಫ್ಲಾಶ್‌ನ ಬೆಳಕು ಕಮ್ಮಿ ಬಿದ್ದಿದೆ. ತುಂಬ ಹತ್ತಿರದಿಂದ ತೆಗೆದಾಗ ಮಾತ್ರ ಹೀಗೆ ಆಗುವುದು. ಅಂದರೆ ನೀವು ಅವರಿಂದ ಹೆಚ್ಚೆಂದರೆ ಒಂದು ಮೀಟರ್ ದೂರ ಇದ್ದಿರಿ.

ಫೋಟೋ ಫೈಲಿನ ಒಳಗೆ ಕ್ಯಾಮೆರಾ ಬರೆದಿಟ್ಟ ಮಾಹಿತಿಯನ್ನೂ ತೆರೆದು ನೋಡಿದೆ. ಪಿ ಮೋಡ್ (ಎಫ್ ಸಂಖ್ಯೆ, ಶಟರ್ ಎರಡನ್ನೂ ಕ್ಯಾಮೆರಾ ಆರಿಸುವುದು), ಎಫ್/4 (ಲೆನ್ಸಿನ ತೂತಿನ ಅಳತೆ, ಸಂಖ್ಯೆ ಸಣ್ಣದಾದಷ್ಟೂ ತೂತು ದೊಡ್ಡದು), ಶಟರ್ 1/60 (ಬೆಳಕು ಒಳಗೆ ಬರುವ ಹೊತ್ತು, ಸೆಕೆಂಡಿನಲ್ಲಿ), ಐಎಸ್‌ಒ 3200. ಫ್ಲಾಶ್ ಹಾಕಿದ ಫೋಟೋಗೆ 3200 ಯಾಕೆ ಬೇಕಿತ್ತು? ಬಹುಶಃ ಗಣೇಶೋತ್ಸವದ ಹೊತ್ತಿಗೆ ಮುಂಬೈನ ಲಾಲ್‌ಬಾಗ್ ಕಡೆಯ ದೀಪಾಲಂಕಾರ ತೆಗೆಯಲು ಯಾರೋ ಏರಿಸಿದ್ದು ಹಾಗೇ ಉಳಿದಿರಬೇಕು. ರಾತ್ರಿ ಫ್ಲಾಶ್ ಇಲ್ಲದೆ ತೆಗೆಯುವಾಗ ಅದು ಸರಿಯಾದ ಸೆಟ್ಟಿಂಗೇ. ಫ್ಲಾಶ್ ಎದ್ದ ಮೇಲೆ ಅದೇ ಸೆಟ್ಟಿಂಗ್ ಸಮಸ್ಯೆ ಮಾಡುತ್ತದೆ.

ಯಾಕೆ ಅಂತ ಸ್ವಲ್ಪ ಲೆಕ್ಕ ಹಾಕೋಣ. ಒಂದು ಸಲ ಇದು ಮನಸ್ಸಿಗೆ ಬಂದರೆ ಉಳಿದದ್ದು ತಾನಾಗಿ ಗೊತ್ತಾಗುತ್ತದೆ. ಪ್ರತಿ ಫ್ಲಾಶ್‌ಗೂ ಗೈಡ್ ನಂಬರ್ ಅಂತ ಒಂದು ಅಳತೆ ಇದೆ. ನಿಮ್ಮ ಕ್ಯಾಮೆರಾದ ಫ್ಲಾಶ್‌ಗೆ ಅದು ಐಎಸ್‌ಒ 100ರಲ್ಲಿ 9.2 ಮೀಟರ್. ಇದನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಪೂರ್ತಿ ಶಕ್ತಿಯಲ್ಲಿ ಬೆಳಕು ಎಷ್ಟು ದೂರಕ್ಕೆ ಸರಿಯಾಗಿ ಸಾಲುತ್ತದೆ ಎಂದು ಸಿಗುತ್ತದೆ. ಎಫ್/4ರಲ್ಲಿ 2.3 ಮೀಟರ್. ಐಎಸ್‌ಒ ನಾಲ್ಕು ಪಟ್ಟು ಆದಾಗಲೆಲ್ಲ ಈ ದೂರ ಎರಡು ಪಟ್ಟು ಆಗುತ್ತದೆ. 400ರಲ್ಲಿ 4.6 ಮೀಟರ್, 1600ರಲ್ಲಿ 9.2 ಮೀಟರ್, 3200ಕ್ಕೆ ಬಂದರೆ ಸುಮಾರು 13 ಮೀಟರ್. 13 ಮೀಟರ್ ಅಂದರೆ ಒಂದು ಮದುವೆ ಹಾಲ್‌ನ ಅರ್ಧ ಉದ್ದ. ಅಷ್ಟು ದೂರ ಹೋಗಬಲ್ಲ ಬೆಳಕನ್ನು ನೀವು ಒಂದು ಮೀಟರ್ ದೂರದ ಮುಖದ ಮೇಲೆ ಬಿಟ್ಟಿದ್ದೀರಿ.

ಕ್ಯಾಮೆರಾ ಬೆಳಕು ಕಮ್ಮಿ ಮಾಡಿಕೊಳ್ಳುವುದಿಲ್ಲವೇ ಎಂದು ನೀವು ಕೇಳಬಹುದು. ಮಾಡಿಕೊಳ್ಳುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ಫ್ಲಾಶ್ ಬಲ್ಬ್ ಮಂಕಾಗಿ ಉರಿಯುವುದಿಲ್ಲ, ಬೇಗ ಆರುತ್ತದೆ. ಪೂರ್ತಿ ಶಕ್ತಿಯಲ್ಲೂ ಅದು ಉರಿಯುವುದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ಕಮ್ಮಿ ಬೆಳಕು ಬೇಕಾದರೆ ಅದಕ್ಕೂ ಮೊದಲೇ ಕರೆಂಟ್ ಕಡಿಯಬೇಕು. ಒಂದು ಹಂತಕ್ಕಿಂತ ಬೇಗ ಕಡಿಯಲು ಅದಕ್ಕೆ ಆಗುವುದಿಲ್ಲ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಕಮ್ಮಿಯಾಗುವುದರಿಂದ ನಿಮ್ಮ ಫೋಟೋಗೆ ಬೇಕಿದ್ದದ್ದು ಪೂರ್ತಿ ಶಕ್ತಿಯ ಸುಮಾರು 170ರಲ್ಲಿ (13 × 13) ಒಂದು ಪಾಲು ಮಾತ್ರ. ಈ ಗಾತ್ರದ ಫ್ಲಾಶ್‌ಗೆ ಅಷ್ಟು ಸಣ್ಣದಾಗಿ ಮಿನುಗುವುದು ಕಷ್ಟ. ಅದೇ ಫೋಟೋವನ್ನು ಐಎಸ್‌ಒ 400ರಲ್ಲಿ ತೆಗೆದಿದ್ದರೆ 21ರಲ್ಲಿ ಒಂದು ಪಾಲು ಸಾಕಾಗುತ್ತಿತ್ತು. ಅದನ್ನು ಅದು ಆರಾಮಾಗಿ ಕೊಡುತ್ತದೆ.

ಹಾಗಾಗಿ ಮೊದಲ ಮದ್ದು ಇದು. ಮನೆಯೊಳಗೆ ಫ್ಲಾಶ್ ಎತ್ತಿದರೆ ಐಎಸ್‌ಒ 400ಕ್ಕೆ ಇಳಿಸಿ. ಜನ ತೀರಾ ಹತ್ತಿರ ಇದ್ದರೆ 200. ಬೇಕಿದ್ದರೆ ಆಟೋಗೆ ಬಿಡಿ. ನಿಮ್ಮ ಕ್ಯಾಮೆರಾ ಆಟೋ ಐಎಸ್‌ಒದಲ್ಲಿ ಫ್ಲಾಶ್ ಇದ್ದಾಗ ಸಾಮಾನ್ಯವಾಗಿ ತಾನೇ 400 ಇಟ್ಟುಕೊಳ್ಳುತ್ತದೆ.

ಎರಡನೆಯದು ಒಂದು ಹೆಜ್ಜೆ ಹಿಂದೆ ಸರಿಯುವುದು. ನಮ್ಮ ಮುಂಬೈ ಮನೆಗಳಲ್ಲಿ ಇದು ಸುಲಭವಲ್ಲ ಎಂದು ನನಗೂ ಗೊತ್ತು. ಹತ್ತು ಅಡಿ ಅಗಲದ ಹಾಲ್‌ನಲ್ಲಿ ಇಪ್ಪತ್ತು ಜನ, ನಡುವೆ ಮಣೆ, ಪಕ್ಕದಲ್ಲಿ ಸೋಫಾ ಎತ್ತಿ ನಿಲ್ಲಿಸಿರುತ್ತಾರೆ. ಆದರೂ ಬಾಗಿಲ ಹೊಸ್ತಿಲಿಗೋ, ಅಡುಗೆಮನೆಯ ಬಾಯಿಗೋ ಹೋಗಿ ನಿಂತು 50ರ ಹತ್ತಿರಕ್ಕೆ ಝೂಮ್ ಮಾಡಿ. ದೂರ ಒಂದು ಮೀಟರಿನಿಂದ ಎರಡಕ್ಕೆ ಹೋದರೆ ಮುಖದ ಮೇಲೆ ಬೀಳುವ ಬೆಳಕು ಅರ್ಧ ಆಗುವುದಿಲ್ಲ, ನಾಲ್ಕರಲ್ಲಿ ಒಂದು ಪಾಲು ಆಗುತ್ತದೆ. ಮೂರು ಮೀಟರಿಗೆ ಹೋದರೆ ಒಂಬತ್ತರಲ್ಲಿ ಒಂದು. ಝೂಮ್ ಮಾಡಿದಾಗ ಮುಖದ ಆಕಾರವೂ ಚೆಂದ ಬರುತ್ತದೆ, ಮೂಗು ಉಬ್ಬಿದಂತೆ ಕಾಣುವುದಿಲ್ಲ.

ನಿಮ್ಮ ಎರಡನೇ ಫೋಟೋದ ಸಮಸ್ಯೆಯೂ ಇದೇ ಲೆಕ್ಕದಲ್ಲಿದೆ. ಅದರಲ್ಲಿ ಸೊಸೆ ಸರಿಯಾಗಿದ್ದಾರೆ, ಆದರೆ ಚೌಕಟ್ಟಿನ ಮೂಲೆಯಲ್ಲಿ ಯಾರೋ ಅಜ್ಜಿಯ ಬೆನ್ನು ಸುಣ್ಣ ಬಳಿದಂತೆ ಇದೆ, ಹಿಂದಿನ ಸಾಲಿನವರು ಕತ್ತಲಲ್ಲಿದ್ದಾರೆ. ಒಂದೇ ಫ್ಲಾಶ್, ಒಂದೇ ಕ್ಷಣ. ಅಜ್ಜಿ ಒಂದು ಮೀಟರಿನಲ್ಲಿ, ಹಿಂದಿನವರು ಮೂರು ಮೀಟರಿನಲ್ಲಿ ಇದ್ದರೆ ಇಬ್ಬರ ಮೇಲೆ ಬಿದ್ದ ಬೆಳಕಿನಲ್ಲಿ ಒಂಬತ್ತು ಪಟ್ಟು ಅಂತರ. ಯಾವ ಸೆಟ್ಟಿಂಗೂ ಇದನ್ನು ಪೂರ್ತಿ ಸರಿ ಮಾಡುವುದಿಲ್ಲ. ಗುಂಪು ಫೋಟೋ ತೆಗೆಯುವಾಗ ಎಲ್ಲರೂ ಕ್ಯಾಮೆರಾದಿಂದ ಹೆಚ್ಚುಕಮ್ಮಿ ಒಂದೇ ದೂರದಲ್ಲಿರುವಂತೆ ಸ್ವಲ್ಪ ಬಾಗಿದ ಸಾಲಿನಲ್ಲಿ ನಿಲ್ಲಿಸಿ. "ಅಜ್ಜೀ, ಒಂಚೂರು ಈಚೆ ಬನ್ನಿ" ಎಂದು ಹೇಳಲು ಸಂಕೋಚ ಬೇಡ.

ಈಗ ನೀವು ಎಕ್ಸ್‌ಪೋಶರ್ ಮೈನಸ್ ಮಾಡಿದರೂ ಯಾಕೆ ಬದಲಾಗಲಿಲ್ಲ ಎಂಬುದಕ್ಕೆ ಬರೋಣ. ನೀವು ಬದಲಾಯಿಸಿದ್ದು ಬೇರೆ ಕೀಲಿ. ಫ್ಲಾಶ್ ಫೋಟೋದಲ್ಲಿ ಎರಡು ಬೆಳಕು ಇರುತ್ತವೆ. ಒಂದು ಕೋಣೆಯಲ್ಲಿ ಮೊದಲೇ ಇರುವ ಟ್ಯೂಬ್‌ಲೈಟ್, ದೀಪದ ಬೆಳಕು. ಇನ್ನೊಂದು ಫ್ಲಾಶ್‌ನದು. ಕ್ಯಾನನ್‌ನಲ್ಲಿ ಇವಕ್ಕೆ ಬೇರೆ ಬೇರೆ ಕಾಂಪನ್ಸೇಶನ್ (ಬೆಳಕನ್ನು ಹೆಚ್ಚುಕಮ್ಮಿ ಮಾಡುವ ಸೆಟ್ಟಿಂಗ್) ಇದೆ. ಸಾಮಾನ್ಯ ಎಕ್ಸ್‌ಪೋಶರ್ ಕಾಂಪನ್ಸೇಶನ್ ಕೋಣೆಯ ಬೆಳಕಿಗೆ ಮಾತ್ರ. ಅದನ್ನು ಮೈನಸ್ ಮಾಡಿದರೆ ಹಿನ್ನೆಲೆ ಇನ್ನೂ ಕತ್ತಲಾಗುತ್ತದೆ, ಮುಖದ ಮೇಲಿನ ಫ್ಲಾಶ್ ಹಾಗೇ ಉಳಿಯುತ್ತದೆ. ನಿಕಾನ್‌ನ ಡಿ3500ನಂಥ ಕ್ಯಾಮೆರಾಗಳಲ್ಲಿ ಸಾಮಾನ್ಯ ಕಾಂಪನ್ಸೇಶನ್ ಎರಡನ್ನೂ ಬದಲಿಸುತ್ತದೆ. ಅದಕ್ಕೇ ನಿಕಾನ್ ಇರುವ ಗೆಳೆಯರು ಹೇಳಿದ್ದು ನಿಮ್ಮಲ್ಲಿ ಕೆಲಸ ಮಾಡದಿರಬಹುದು.

ನಿಮಗೆ ಬೇಕಾದದ್ದು ಫ್ಲಾಶ್ ಎಕ್ಸ್‌ಪೋಶರ್ ಕಾಂಪನ್ಸೇಶನ್. ಕ್ಯೂ ಬಟನ್ ಒತ್ತಿ, ಪರದೆಯಲ್ಲಿ ಮಿಂಚಿನ ಗುರುತಿನ ಪಕ್ಕ ಪ್ಲಸ್-ಮೈನಸ್ ಇರುವ ಚೌಕಕ್ಕೆ ಹೋಗಿ. ಮೈನಸ್ ಎರಡು ಸ್ಟಾಪ್‌ವರೆಗೆ ಇಳಿಸಬಹುದು (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ). ಮನೆಯೊಳಗೆ ನಾನು ಮೈನಸ್ ಒಂದರಿಂದಲೇ ಶುರು ಮಾಡುತ್ತೇನೆ. ನೇರ ಫ್ಲಾಶ್‌ನ ಬೆಳಕು ಸ್ವಲ್ಪ ಕಮ್ಮಿ ಇದ್ದರೇ ಮುಖಕ್ಕೆ ಒಳ್ಳೆಯದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆಟೋ ಮೋಡ್‌ನಲ್ಲಿ ಈ ಆಯ್ಕೆ ಸಿಗುವುದಿಲ್ಲ, ಪಿ ಮೋಡ್‌ನಲ್ಲೇ ಇರಿ.

ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಈ ಕ್ಯಾಮೆರಾದಲ್ಲಿ ಆಟೋ ಲೈಟಿಂಗ್ ಆಪ್ಟಿಮೈಸರ್ ಎಂಬ ಸೌಲಭ್ಯ ಇದೆ. ಫೋಟೋ ಮಂಕಾಗಿದೆ ಅನಿಸಿದರೆ ಅದು ತಾನಾಗಿ ಬೆಳಗಿಸಿಬಿಡುತ್ತದೆ. ನೀವು ಬೇಕೆಂದೇ ಮೈನಸ್ ಮಾಡಿದ್ದನ್ನೂ ಮತ್ತೆ ಎತ್ತಿಬಿಡಬಹುದು. ಮೆನುವಿನಲ್ಲಿ ಅದನ್ನು ಡಿಸೇಬಲ್ ಮಾಡಿ. ಆಮೇಲೆ ನಿಮ್ಮ ಮೈನಸ್ ನಿಜವಾಗಿ ಮೈನಸ್ ಆಗಿಯೇ ಉಳಿಯುತ್ತದೆ.

ಮೂರನೇ ಫೋಟೋ ಬೇರೆ ಥರದ್ದು. ನಿಮ್ಮ ಬೀಗಿತ್ತಿ ಇರಬೇಕು, ಕಡುನೀಲಿ ಪರದೆಯ ಮುಂದೆ ಕೂತಿದ್ದಾರೆ, ಚೌಕಟ್ಟಿನಲ್ಲಿ ಸಣ್ಣದಾಗಿ. ದೂರ ಸಾಕಷ್ಟಿದೆ, ಆದರೂ ಮುಖ ಬೆಳ್ಳಗಿದೆ. ಇಲ್ಲಿ ಮೋಸ ಹೋದದ್ದು ಕ್ಯಾಮೆರಾದ ಲೆಕ್ಕಾಚಾರ. ಫೋಟೋ ತೆಗೆಯುವ ಮುಂಚಿನ ಕ್ಷಣದಲ್ಲಿ ಫ್ಲಾಶ್ ಒಂದು ಸಣ್ಣ ಮಿನುಗು ಬಿಡುತ್ತದೆ. ಅದು ಹೋಗಿ ಬಡಿದು ಲೆನ್ಸಿನ ಮೂಲಕ ವಾಪಸ್ ಬಂದದ್ದನ್ನು ಅಳೆದು, ನಿಜವಾದ ಫ್ಲಾಶ್ ಎಷ್ಟು ಬೇಕೆಂದು ತೀರ್ಮಾನ ಮಾಡುತ್ತದೆ. ಕ್ಯಾನನ್ ಇದಕ್ಕೆ ಇ-ಟಿಟಿಎಲ್ 2 ಎನ್ನುತ್ತದೆ, ನಿಕಾನ್ ಐ-ಟಿಟಿಎಲ್ ಎನ್ನುತ್ತದೆ. (ಕೆಲವರು ಫ್ಲಾಶ್ ಫೋಟೋದಲ್ಲಿ ಪ್ರತಿ ಸಲ ಕಣ್ಣು ಮುಚ್ಚಿರುತ್ತಾರಲ್ಲ, ಆ ಮೊದಲ ಮಿನುಗಿಗೇ ಅವರು ರೆಪ್ಪೆ ಬಡಿದಿರುತ್ತಾರೆ.) ಚೌಕಟ್ಟಿನ ಬಹುಪಾಲು ಕಡುಬಣ್ಣದ ಪರದೆ ಇದ್ದರೆ ವಾಪಸ್ ಬರುವ ಬೆಳಕು ಕಮ್ಮಿ. ಕ್ಯಾಮೆರಾ ಇನ್ನೂ ಜಾಸ್ತಿ ಬೇಕು ಅಂದುಕೊಂಡು ಜೋರಾಗಿ ಸುರಿಯುತ್ತದೆ. ಕಪ್ಪು ಬಟ್ಟೆ, ತೆರೆದ ಬಾಗಿಲಿನ ಹಿಂದಿನ ಕತ್ತಲೆ, ರಾತ್ರಿಯ ಟೆರೇಸ್ ಎಲ್ಲ ಕಡೆ ಇದೇ ಕಥೆ. ಬೆನ್ನ ಹಿಂದೆ ಕನ್ನಡಿಯೋ, ಹೊಳೆಯುವ ಸ್ಟೀಲ್ ಕಪಾಟೋ ಇದ್ದರೆ ಇದಕ್ಕೆ ಉಲ್ಟಾ, ಫೋಟೋ ಕಪ್ಪಾಗುತ್ತದೆ.

ಇದಕ್ಕೆ ನಿಮ್ಮ ಕ್ಯಾಮೆರಾದಲ್ಲೇ ಒಳ್ಳೆಯ ಉಪಾಯ ಇದೆ, ಫ್ಲಾಶ್ ಎಕ್ಸ್‌ಪೋಶರ್ ಲಾಕ್. ಫ್ಲಾಶ್ ಎತ್ತಿ ಫೋಕಸ್ ಮಾಡಿ, ವ್ಯೂಫೈಂಡರಿನ ನಡುಭಾಗವನ್ನು ಮುಖದ ಮೇಲೆ ಇಡಿ. ಹಿಂಬದಿಯಲ್ಲಿರುವ ನಕ್ಷತ್ರ ಗುರುತಿನ ಬಟನ್ ಒತ್ತಿ. ಫ್ಲಾಶ್ ಒಮ್ಮೆ ಮಿನುಗುತ್ತದೆ. ಈಗ ಅದು ಅಳೆದದ್ದು ಮುಖವನ್ನು, ಪರದೆಯನ್ನಲ್ಲ. ಆಮೇಲೆ ಚೌಕಟ್ಟನ್ನು ಬೇಕಾದ ಹಾಗೆ ಸರಿಸಿ ಕ್ಲಿಕ್ ಮಾಡಿ. ಎರಡು ಮೂರು ಸಲ ಮಾಡಿದರೆ ಕೈಗೆ ಬಂದುಬಿಡುತ್ತದೆ. ಎದುರಿಗಿದ್ದವರಿಗೆ "ಮೊದಲು ಒಂದು ಮಿನುಗು ಬರುತ್ತೆ, ಆಮೇಲೆ ಫೋಟೋ" ಎಂದು ಮುಂಚೆಯೇ ಹೇಳಿಡಿ. ಇಲ್ಲದಿದ್ದರೆ ಆ ಮಿನುಗಿಗೇ ಫೋಟೋ ಆಯ್ತು ಅಂತ ಎದ್ದುಬಿಡುತ್ತಾರೆ.

ನಾಲ್ಕನೇ ಫೋಟೋ ಓವರ್‌ಎಕ್ಸ್‌ಪೋಸ್ ಆಗಿಯೇ ಇಲ್ಲ. ಹಣೆ, ಮೂಗಿನ ತುದಿ, ಗಲ್ಲದ ಮೇಲೆ ಮಾತ್ರ ಬಿಳಿ ಚುಕ್ಕೆಗಳಿವೆ. ಸೀರೆಯ ಬಣ್ಣ, ಹೂವು ಎಲ್ಲ ಸರಿಯಾಗಿವೆ. ಅದು ಬೆವರು. ನಮ್ಮೂರಿನ ಸೆಕೆಯಲ್ಲಿ, ಆರತಿ ದೀಪದ ಮುಂದೆ, ತುಂಬಿದ ಮನೆಯಲ್ಲಿ ಬೆವರದೆ ಇರುವವರು ಯಾರು? ಒದ್ದೆ ಚರ್ಮ ಫ್ಲಾಶನ್ನು ನೇರವಾಗಿ ಲೆನ್ಸಿಗೇ ವಾಪಸ್ ಕಳಿಸುತ್ತದೆ. ಇದಕ್ಕೆ ಸೆಟ್ಟಿಂಗ್ ಬದಲಿಸಬೇಡಿ. ಫೋಟೋಗೆ ಮುಂಚೆ ಒಂದು ಕರ್ಚೀಫ್ ಕೊಟ್ಟು ಮುಖ ಒತ್ತಿಕೊಳ್ಳಲು ಹೇಳಿ, ಫ್ಯಾನ್ ಅವರ ಕಡೆ ತಿರುಗಿಸಿ.

ಫ್ಲಾಶ್ ಮೇಲೆ ಟಿಶ್ಯೂ ಪೇಪರ್ ಇಲ್ಲವೇ ಬಟರ್ ಪೇಪರ್ ಅಂಟಿಸಿ ಎಂದು ಯಾರಾದರೂ ಹೇಳಿಯೇ ಹೇಳಿರುತ್ತಾರೆ. ಇದು ಅರ್ಧ ಸರಿ. ಕ್ಯಾಮೆರಾದ ಅಳತೆಯ ಮಿನುಗೂ ಅದೇ ಪೇಪರ್ ದಾಟಿ ಹೋಗಬೇಕು. ಬೆಳಕು ಕಮ್ಮಿ ಬಂತೆಂದು ಕ್ಯಾಮೆರಾ ಆ ಕೊರತೆಯನ್ನು ತುಂಬಿಕೊಡುತ್ತದೆ. ಆದ್ದರಿಂದ ಮೂರನೇ ಫೋಟೋದಂಥ ಕಡೆ ಪೇಪರಿನಿಂದ ಲಾಭ ಇಲ್ಲ. ಮೊದಲನೇ ಫೋಟೋದಂತೆ ಫ್ಲಾಶ್ ತನ್ನ ಕನಿಷ್ಠ ಮಿತಿಗೆ ತಾಗಿದಾಗ ಮಾತ್ರ ಪೇಪರ್ ನಿಜವಾಗಿ ಬೆಳಕು ಕಮ್ಮಿ ಮಾಡುತ್ತದೆ. ಅದಕ್ಕಿಂತ ಐಎಸ್‌ಒ ಇಳಿಸುವುದು ಸುಲಭ, ಅಲ್ವಾ?

ಪೇಪರಿಗಿಂತ ನನಗೆ ಇಷ್ಟವಾದದ್ದು ಬಿಳಿ ವಿಸಿಟಿಂಗ್ ಕಾರ್ಡ್. ಎತ್ತಿದ ಫ್ಲಾಶ್‌ನ ಮುಂದೆ ಅದನ್ನು ಓರೆಯಾಗಿ ಹಿಡಿದು ಬೆಳಕನ್ನು ಚಾವಣಿಗೆ ತಿರುಗಿಸಿ. ನಮ್ಮ ಫ್ಲ್ಯಾಟ್‌ಗಳ ಚಾವಣಿ ತಗ್ಗು, ಸಾಮಾನ್ಯವಾಗಿ ಬಿಳಿ. ಬೆಳಕು ಅಲ್ಲಿಗೆ ಬಡಿದು ಇಡೀ ಕೋಣೆಗೆ ಹರಡಿಕೊಂಡು ಮೆತ್ತಗೆ ಕೆಳಗೆ ಬರುತ್ತದೆ. ಹಣೆ ಹೊಳೆಯುವುದಿಲ್ಲ, ಗೋಡೆಯ ಮೇಲೆ ಗಟ್ಟಿ ನೆರಳು ಬೀಳುವುದಿಲ್ಲ, ಹಿಂದಿನ ಸಾಲಿನವರೂ ಕಾಣುತ್ತಾರೆ. ಈ ದಾರಿಯಲ್ಲಿ ಬೆಳಕು ತುಂಬ ಪೋಲಾಗುತ್ತದೆ. ಹಾಗಾಗಿ ಇಲ್ಲಿ ಮಾತ್ರ ಐಎಸ್‌ಒ 1600ಕ್ಕೆ ಏರಿಸಬೇಕು, ಎಫ್ ಸಂಖ್ಯೆಯನ್ನು ಲೆನ್ಸ್ ಕೊಡುವ ಕನಿಷ್ಠಕ್ಕೆ ಇಡಬೇಕು. ಚಾವಣಿಗೆ ಗುಲಾಬಿಯೋ ಹಸಿರೋ ಬಣ್ಣ ಹೊಡೆಸಿದ್ದರೆ ಮುಖಕ್ಕೂ ಅದೇ ಬಣ್ಣ ಬರುತ್ತದೆ, ಅಲ್ಲಿ ಈ ಉಪಾಯ ಬೇಡ.

ನಿಮ್ಮ ಭಯಕ್ಕೆ ಈಗ ಉತ್ತರ. ಕೆಟ್ಟಿದೆಯೋ ಇಲ್ಲವೋ ಎಂದು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಗೋಡೆಯ ಕ್ಯಾಲೆಂಡರ್‌ನಿಂದ ಎರಡು ಮೀಟರ್ ದೂರ ನಿಲ್ಲಿ. ಐಎಸ್‌ಒ 400, ಫ್ಲಾಶ್ ಕಾಂಪನ್ಸೇಶನ್ ಸೊನ್ನೆ, ಎಂ ಮೋಡ್‌ನಲ್ಲಿ (ಎಲ್ಲವನ್ನೂ ನೀವೇ ಇಡುವುದು) ಎಫ್/5.6, ಶಟರ್ 1/125. ಒಂದು ಫೋಟೋ ತೆಗೆಯಿರಿ. ಅದರಲ್ಲಿ ತಾರೀಖುಗಳು ಸ್ಪಷ್ಟವಾಗಿದ್ದರೆ ಫ್ಲಾಶ್ ಸರಿ ಇದೆ. ಆಮೇಲೆ ಫ್ಲಾಶ್ ಕಾಂಪನ್ಸೇಶನ್ ಮೈನಸ್ ಎರಡು ಮಾಡಿ ಇನ್ನೊಂದು. ಅದು ಎದ್ದು ಕಾಣುವಷ್ಟು ಮಂಕಾಗಬೇಕು. ಎರಡೂ ಒಂದೇ ಥರ ಬೆಳ್ಳಗೆ ಬಂದರೆ ಮಾತ್ರ ರಿಪೇರಿಯ ಮಾತು.

ತೂತನ್ನು ಹಿಗ್ಗಿಸಿ ಕುಗ್ಗಿಸುವ ಲೆನ್ಸಿನೊಳಗಿನ ಎಲೆಗಳು ಸಿಕ್ಕಿಹಾಕಿಕೊಂಡರೂ ಫೋಟೋ ಬೆಳ್ಳಗೆ ಬರುತ್ತದೆ. ಅದನ್ನು ನೋಡಲು ಫ್ಲಾಶ್ ಮಡಚಿ, ಎಫ್/16, ಶಟರ್ ಎರಡು ಸೆಕೆಂಡ್ ಇಟ್ಟು ಲೆನ್ಸಿನ ಮುಂದಿನಿಂದ ಒಳಗೆ ನೋಡುತ್ತ ಕ್ಲಿಕ್ ಮಾಡಿ. ಎಲೆಗಳು ಕೂಡಿಕೊಂಡು ಸಣ್ಣ ತೂತು ಆಗುವುದು ಕಾಣಬೇಕು. ನಿಮ್ಮ ಹಗಲಿನ ಫೋಟೋಗಳು ಸರಿಯಾಗಿವೆ ಎಂದರೆ ಇದೂ ಸರಿ ಇರುವ ಸಂಭವವೇ ಜಾಸ್ತಿ. ಮಳೆಗಾಲ ಕಳೆದಿದೆ, ಒಮ್ಮೆ ಲೆನ್ಸ್ ಬಿಚ್ಚಿ ಹಿಂದಿನ ಚಿನ್ನದ ಬಣ್ಣದ ಚುಕ್ಕೆಗಳನ್ನು ಒಣ, ಮೆತ್ತಗಿನ ಬಟ್ಟೆಯಿಂದ ಒರೆಸಿಡಿ.

ಪರೀಕ್ಷೆಯಲ್ಲಿ ಫೇಲ್ ಆದರೆ ಫೋರ್ಟ್‌ನ ಬೋರಾ ಬಜಾರ್ ಬೀದಿಯ ಕಡೆ ಕ್ಯಾಮೆರಾ ಅಂಗಡಿಗಳೂ ರಿಪೇರಿಯವರೂ ಸಿಗುತ್ತಾರೆ, ಸಿಎಸ್‌ಎಂಟಿ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ದಯವಿಟ್ಟು ಮನೆಯಲ್ಲಿ ಯಾರೂ ಸ್ಕ್ರೂ ಬಿಚ್ಚಬೇಡಿ, "ಬ್ಯಾಟರಿ ತೆಗೆದಿದ್ದೀನಲ್ಲ" ಎಂದು ಧೈರ್ಯ ಮಾಡಲೂಬೇಡಿ. ಫ್ಲಾಶ್‌ನ ಕೆಪಾಸಿಟರ್‌ನಲ್ಲಿ ಬ್ಯಾಟರಿ ತೆಗೆದ ಮೇಲೂ ಸುಮಾರು 300 ವೋಲ್ಟ್ ಉಳಿದಿರಬಹುದು. ಕೈ ತಾಗಿದರೆ ಅಪಾಯ.

ಸೀಮಂತದ ಫೋಟೋಗಳನ್ನು ಉಳಿಸಲು ಆಗುತ್ತದೆಯೇ? ಪೂರ್ತಿ ಬಿಳಿಯಾದ ಜಾಗದಲ್ಲಿ ಏನೂ ದಾಖಲಾಗಿರುವುದಿಲ್ಲ, ಯಾವ ಆಪ್‌ನಿಂದಲೂ ಅದು ವಾಪಸ್ ಬರುವುದಿಲ್ಲ. ಮೂರನೆಯದರಲ್ಲಿ ಮುಖದ ವಿವರ ಸ್ವಲ್ಪ ಇದೆ. ಎಡಿಟ್ ಮಾಡುವಾಗ ಹೈಲೈಟ್ಸ್ ಇಳಿಸಿದರೆ ನೋಡುವಂತೆ ಆಗುತ್ತದೆ. ಇನ್ನು ಮುಂದೆ ಜೆಪೆಗ್ (ಸಾಮಾನ್ಯ ಫೋಟೋ ಫೈಲ್) ಜೊತೆ ರಾ (ಎಡಿಟ್‌ಗೆ ಹೆಚ್ಚು ವಿವರ ಉಳಿಸುವ ಫೈಲ್) ಕೂಡ ಇಟ್ಟುಕೊಳ್ಳಿ. ಫೋಟೋ ತೆಗೆದ ಕೂಡಲೇ ಡಿಸ್ಪ್ ಬಟನ್ ಒತ್ತಿ ನೋಡಿ. ಸುಟ್ಟುಹೋದ ಜಾಗಗಳು ಪರದೆಯ ಮೇಲೆ ಮಿಣಮಿಣ ಅನ್ನುತ್ತವೆ. ಆರತಿ ತಟ್ಟೆಯ ಜ್ವಾಲೆ ಮಿನುಗಿದರೆ ಪರವಾಗಿಲ್ಲ, ಕೆನ್ನೆ ಮಿನುಗಿದರೆ ಅಲ್ಲೇ ಇನ್ನೊಂದು ತೆಗೆಯಿರಿ.

ಕೊನೆಯದು ಮಾಟುಂಗದ ಯಕ್ಷಗಾನ. ಅಲ್ಲಿ ಫ್ಲಾಶ್ ಎತ್ತಲೇಬೇಡಿ. ಹತ್ತನೇ ಸಾಲಿನಿಂದ ರಂಗಸ್ಥಳಕ್ಕೆ ಈ ಬೆಳಕು ತಲುಪಿದರೂ ಪ್ರಯೋಜನ ಆಗುವಷ್ಟು ಉಳಿಯುವುದಿಲ್ಲ. ಮುಂದಿನ ಸಾಲಿನವರ ತಲೆಗೂದಲು ಮಾತ್ರ ಬೆಳ್ಳಗೆ ಬರುತ್ತದೆ. ತಲುಪುವಷ್ಟು ಹತ್ತಿರ ಕೂತರೆ ಇನ್ನೂ ಕೆಟ್ಟದು. ಕಿರೀಟದ ಹೊಳಪು, ಬಣ್ಣದ ವೇಷದ ಮುಖದ ಮೇಲೆ ಇಡುವ ಬಿಳಿ ಚುಟ್ಟಿ ಎಲ್ಲ ಒಟ್ಟಿಗೆ ಸುಡುತ್ತವೆ, ಹಿಂದಿನ ಕಪ್ಪು ಪರದೆಯಿಂದ ಕ್ಯಾಮೆರಾದ ಲೆಕ್ಕವೂ ತಪ್ಪುತ್ತದೆ. ಎಲ್ಲಕ್ಕಿಂತ ಮೊದಲು, ಗಿರಕಿ ಹೊಡೆಯುತ್ತಿರುವ ವೇಷಧಾರಿಯ ಕಣ್ಣಿಗೆ ಮಿಂಚು ಹೊಡೆಯುವುದು ತಪ್ಪು. ರಂಗದ ದೀಪಗಳ ಬೆಳಕೇ ಸಾಕು. ಐಎಸ್‌ಒ 3200 ಇಲ್ಲಿ ಇಡಿ, ಅದಕ್ಕೆ ಇದೇ ಸರಿಯಾದ ಜಾಗ. ಟಿವಿ ಮೋಡ್‌ನಲ್ಲಿ (ಶಟರ್ ನೀವು ಇಡುವುದು, ಎಫ್ ಸಂಖ್ಯೆ ಕ್ಯಾಮೆರಾ ಆರಿಸುವುದು) ಶಟರ್ 1/200, ಕುಣಿತ ಜೋರಾದರೆ 1/320. ಮೀಟರಿಂಗ್ (ಬೆಳಕು ಅಳೆಯುವ ರೀತಿ) ಪಾರ್ಶಿಯಲ್‌ಗೆ, ಅಂದರೆ ನಡುಭಾಗವನ್ನಷ್ಟೇ ಅಳೆಯುವುದಕ್ಕೆ ಬದಲಿಸಿ, ನಡುಭಾಗ ಮುಖದ ಮೇಲಿರಲಿ. ಫ್ಲಾಶ್ ಇಲ್ಲದ ಕಾರಣ ಈಗ ಸಾಮಾನ್ಯ ಎಕ್ಸ್‌ಪೋಶರ್ ಕಾಂಪನ್ಸೇಶನ್ನೇ ಕೆಲಸ ಮಾಡುತ್ತದೆ. ಮುಖ ಬೆಳ್ಳಗೆ ಕಂಡರೆ ಮೈನಸ್ ಅರ್ಧದಿಂದ ಮೈನಸ್ ಒಂದರವರೆಗೆ ಇಳಿಸಿ. ಪೂರ್ವರಂಗ ನಡೆಯುವಾಗಲೇ ಎರಡು ಮೂರು ತೆಗೆದು, ಮಿಣಮಿಣ ಅನ್ನುವ ಜಾಗ ನೋಡಿ ಸರಿಮಾಡಿಕೊಂಡರೆ ಮುಖ್ಯ ವೇಷ ಬರುವ ಹೊತ್ತಿಗೆ ನೀವು ತಯಾರಿರುತ್ತೀರಿ.